ಸ್ಕೇಟಿಂಗ್ ಅಂಗಳ ಯಾರ ಪಾಲಿಗೆ?

ಕಾಲಿಗೆ ಚಕ್ರ ಕಟ್ಟಿಕೊಂಡು ಓಡುವ ಸ್ಕೇಟಿಂಗ್ ಆಟವು ಸಿರಿವಂತರ ಮಕ್ಕಳ ವಿನೋದವೆಂದು ನಮ್ಮ ಕಡೆಯ ಹಿರಿಯರನೇಕರು ಎಣಿಸಿರುವರು. ಈ ಎಣಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಸ್ತ್ರೀಯರೂ ಪುರುಷರೂ 3000 ಮೀಟರು ರಿಲೇಯಲ್ಲಿ ಕಂಚಿನ ಪದಕಗಳನ್ನು ಗಳಿಸಿದರು. 2025ರಲ್ಲಿ ತಮಿಳುನಾಡಿನ ತರುಣ ಆನಂದಕುಮಾರ್ ವೇಲ್‌ಕುಮಾರರು ಅದೇ ದೇಶದಲ್ಲಿ ನಡೆದ ಜಾಗತಿಕ ಪಂದ್ಯಗಳಲ್ಲಿ 1000 ಮೀಟರಿನ ಚಿನ್ನವನ್ನು ಗೆದ್ದರು. ಹಳೆಯ ಮದರಾಸು ರಸ್ತೆಯು ಮುಳಬಾಗಿಲು ಕೋಲಾರಗಳ ಮೇಲೆಯೇ ಹಾದುಹೋಗುವುದಷ್ಟೆ. ಈ ಆಟವೂ ಆ ದಾರಿಯಲ್ಲಿ ಇಳಿಯಬಾರದೇಕೆ?

ಹಿಮದ ರಿಂಕನ್ನು ಬಯಸುವವರೂ ಉಂಟು. ಶಿಮ್ಲಾದಲ್ಲಿ 1920ರಿಂದ ಇರುವ ರಿಂಕಿನಲ್ಲಿ ಸಂಜೆ ಸಿಂಪಡಿಸಿದ ನೀರು ಬೆಳಗಾಗುವುದರೊಳಗೆ ತಾನೇ ಹೆಪ್ಪುಗಟ್ಟುತ್ತಿದ್ದಿತು. ಚಳಿ ಕುಂದಿದಂತೆಲ್ಲ ಅಲ್ಲಿಯೂ ಆಟದ ದಿನಗಳು ಕಡಮೆಯಾಗಿವೆ. ದೆಹರಾದೂನಿನಲ್ಲಿ 2011ರ ಕ್ರೀಡಾಕೂಟಕ್ಕೆಂದು ಕೋಟಿಗಟ್ಟಲೆ ಸುರಿದು ಯಂತ್ರಗಳಿಂದ ತಂಪಿಡುವ ರಿಂಕನ್ನು ಕಟ್ಟಿದರು. ಕೂಟ ಮುಗಿದ ಮೇಲೆ ಅದು ಬಹುವರ್ಷ ಬಾಗಿಲು ಮುಚ್ಚಿಕೊಂಡಿದ್ದು, 2025ರಲ್ಲಿ ಮತ್ತೆ ಪಂದ್ಯಗಳನ್ನು ಕಂಡಿತು. ಬಾರೋಮಾಸ ಹರಿಯುವ ನದಿಯಿಲ್ಲದ, ಕೆರೆ ತುಂಬಿಸಲು 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ತರಿಸಿಕೊಳ್ಳುವ ನಮ್ಮ ಜಿಲ್ಲೆಗೆ ಆ ಮಾತೇ ಬೇಡ.

ಚಕ್ರದ ಸ್ಕೇಟಿಂಗಿನ ಲೆಕ್ಕವೇ ಬೇರೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಎಂಬಾತನು ದೇಹವನ್ನು ವಾಲಿಸಿದತ್ತ ತಿರುಗುವ ನಾಲ್ಕು ಚಕ್ರದ ಸ್ಕೇಟನ್ನು ನಿರ್ಮಿಸಿದಂದಿನಿಂದ, ಇದಕ್ಕೆ ಬೇಕಾದುದು ಒಂದು ನುಣುಪಾದ ನೆಲ ಮಾತ್ರ. ಬಿರುಕಿಲ್ಲದ ಕಾಂಕ್ರೀಟು, ಮಳೆನೀರು ಹರಿದುಹೋಗುವಷ್ಟು ಇಳಿಜಾರು, ಸುತ್ತ ಕಟಕಟೆ, ತಲೆಗೂ ಮೊಣಕಾಲಿಗೂ ರಕ್ಷೆ: ಇಷ್ಟಿದ್ದರೆ ಕಲಿಕೆ ಪ್ರಾರಂಭವಾಗುವುದು. ಮಳೆ ಕಡಮೆಯಾದ ನಮ್ಮ ಬಯಲುಸೀಮೆಯಲ್ಲಿ ಮೇಲ್ಛಾವಣಿಯ ಖರ್ಚೂ ಉಳಿಯುವುದು. ನಮ್ಮ ಬಡತನಕ್ಕೂ ಇದೊಂದು ಉಪಕಾರವೆನ್ನಬೇಕು! ಆದರೆ ಕಾವಲಿಲ್ಲದ ಅಂಗಳದ ಗತಿ ನಮಗೆ ತಿಳಿಯದುದಲ್ಲ. ರಾಗಿಯ ತೆನೆಯನ್ನು ರಸ್ತೆಯ ಮೇಲೆಯೇ ಹರಡಿ ಮೋಟಾರುಗಳಿಂದ ತುಳಿಸುವ ಸೀಮೆಯಿದು. ಶ್ರೀನಿವಾಸಪುರದಲ್ಲಿ ಮಾವಿನ ಬುಟ್ಟಿಗಳೂ ಕೋಲಾರದಲ್ಲಿ ತಕ್ಕಾಳಿಯ ಪೆಟ್ಟಿಗೆಗಳೂ ಅಲ್ಲಿ ಬಂದು ಕುಳಿತರೆ ಆಶ್ಚರ್ಯವಿಲ್ಲ. ರೈತನನ್ನು ದೂರಿ ಫಲವಿಲ್ಲ. ಅವನಿಗೆ ಬೇರೆ ಕಣವನ್ನು ಒದಗಿಸಿ, ಇಲ್ಲಿಗೆ ಒಬ್ಬ ಕಾವಲುಗಾರನನ್ನು ನೇಮಿಸಬೇಕು.

ಎಲ್ಲಕ್ಕಿಂತ ಗಹನವಾದ ಪ್ರಶ್ನೆ, ಅಂಗಳವು ಯಾರ ವಶದಲ್ಲಿರಬೇಕೆಂಬುದು. ಕೋಲಾರದ ಚಿನ್ನದ ಗಣಿಗಳಲ್ಲಿ ದೊರೆಗಳಿಗೆ ಕ್ಲಬ್ಬೂ ಗಾಲ್ಫ್ ಮೈದಾನವೂ ಇದ್ದುವು. ಗಣಿಯೊಳಗೆ ಇಳಿದವನ ಮಗನು ಬೇಲಿಯಾಚೆ ನಿಂತು ನೋಡಿದನು. 2001ರಲ್ಲಿ ಗಣಿಯೇ ಮುಚ್ಚಿತು. ಇಂದು ಮಾಲೂರು, ನರಸಾಪುರಗಳಲ್ಲಿ ಕಾರ್ಖಾನೆಗಳೆದ್ದಿವೆ. ಅವುಗಳ ಧನಸಹಾಯವು ಬರಲಿ, ನಾವು ಸ್ವಾಗತಿಸುವೆವು; ನೆಲದ ಹಕ್ಕು ಮಾತ್ರ ಪೌರಸಂಸ್ಥೆಯದಾಗಿಯೇ ಇರತಕ್ಕದ್ದು. ಗುತ್ತಿಗೆದಾರನಿಗೆ ವಹಿಸಿ ತಿಂಗಳಿಗೆ ಸಾವಿರಾರು ರೂಪಾಯಿ ಶುಲ್ಕ ಗೊತ್ತುಮಾಡಿದರೆ ಸರ್ಕಾರಿ ಶಾಲೆಯ ಹುಡುಗಿಗೆ ಅದೂ ಬೇಲಿಯೇ. ಸ್ಕೇಟುಗಳನ್ನು ಪುಸ್ತಕಭಂಡಾರದ ಪುಸ್ತಕಗಳಂತೆ ಎರವಲು ಕೊಟ್ಟು, ವಾರದಲ್ಲಿ ಕೆಲವು ಸಂಜೆಗಳನ್ನು ಶುಲ್ಕವಿಲ್ಲದೆ ತೆರೆದಿಡುವುದು ಅಸಾಧ್ಯವಲ್ಲ.

ಹಾಗೆಂದು ಇರುವ ಆಟದ ಬಯಲನ್ನೇ ಕಾಂಕ್ರೀಟಿನಿಂದ ಮುಚ್ಚುವುದನ್ನು ನಾವು ಒಪ್ಪಲಾರೆವು. ಕಬಡ್ಡಿಗೆ ಮಣ್ಣೇ ಬೇಕು. ಉದ್ಯಾನ, ಆಟದ ಮೈದಾನ, ಬಯಲುಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯಿದೆಯಿದೆ. ನಾಲ್ಕು ಊರುಗಳ ಪೌರಸಂಸ್ಥೆಗಳೂ ತಮ್ಮ ವಶದಲ್ಲಿ ಯಾವ ಯಾವ ಬಯಲುಂಟು, ಎಷ್ಟು ಒತ್ತುವರಿಯಾಗಿದೆ ಎಂಬ ಪಟ್ಟಿಯನ್ನು ಸರ್ವೆ ನಂಬರುಗಳ ಸಮೇತ ಮುಂದಿನ ಆಯವ್ಯಯದ ಸಭೆಗೆ ಮುಂಚಿತವಾಗಿ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ರಿಂಕಿನ ಜಾಗವನ್ನು ಆ ಪಟ್ಟಿ ನೋಡಿದ ಮೇಲೆ ಗೊತ್ತುಮಾಡಬಹುದು.