ಭಕ್ತರು ಬೇಡುವ ಚಿತ್ರ

ತಮ್ಮ ಗುರುವಿನ ಚರಿತ್ರೆಯನ್ನು ಟೆಲಿವಿಷನ್ನಿನವರು ಸಾಕ್ಷ್ಯಚಿತ್ರವಾಗಿ ತೋರಿಸಬೇಕೆಂಬ ಹಂಬಲ ಭಕ್ತಸಮೂಹದಲ್ಲಿ ಆಗಾಗ ತಲೆಯೆತ್ತುತ್ತದೆ. ಹಿಂದೆ ಈ ಕಾರ್ಯವನ್ನು ಪುರಾಣಿಕರೂ ಹರಿಕಥೆಯ ದಾಸರೂ ನೆರವೇರಿಸುತ್ತಿದ್ದರು. ಅವರನ್ನು ಯಾರೂ ಪುರಾವೆ ಕೇಳುತ್ತಿರಲಿಲ್ಲ. ಕ್ಯಾಮರಾ ಬಂದ ಮೇಲೆ ತೊಡಕು ಹುಟ್ಟಿತು.

ಶಿವಮೊಗ್ಗೆಯ ಆಲ್ಕೊಳದಲ್ಲಿ, ಪರಿಚಿತರ ಮನೆಯೊಂದರಲ್ಲಿ, ಇದೇ ವಿಷಯವಾಗಿ ನಡೆದ ವಾಗ್ವಾದಕ್ಕೆ ನಾವು ಕಿವಿಗೊಡಬೇಕಾಯಿತು. ಮಾತು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರದು. ಮನೆಯ ಹಿರಿಯಾಕೆ ಗುರುವಾರದ ಭಜನೆಯನ್ನು ತಪ್ಪಿಸಿದವರಲ್ಲ. ಅವರ ಯಜಮಾನರ ಹೃದಯದ ಶಸ್ತ್ರಚಿಕಿತ್ಸೆ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ೨೦೦೧ರಲ್ಲಿ ಆರಂಭವಾದ ಸಾಯಿ ಆಸ್ಪತ್ರೆಯಲ್ಲಿ ಒಂದು ಕಾಸೂ ತೆರದೆ ನಡೆದಿತ್ತು.

“ಇಷ್ಟೆಲ್ಲ ಮಾಡಿದ ಮಹಾನುಭಾವರ ಮೇಲೆ ಟಿ.ವಿ.ಯವರು ಒಂದು ಒಳ್ಳೆಯ ಚಿತ್ರ ತೆಗೆಯಬಾರದೇನೋ?” ಎಂದರು ಆಕೆ.

“ತೆಗೆಯಲಿ ದೊಡ್ಡಮ್ಮ, ಆದರೆ ಎಲ್ಲವನ್ನೂ ತೋರಿಸಲಿ,” ಎಂದ ಮೈದುನನ ಮಗ.

“ಎಲ್ಲವನ್ನೂ ತೋರಿಸೋದಾದರೆ ನಾವು ಯಾಕಪ್ಪ ಕೇಳಬೇಕು?”

ಈ ಉತ್ತರದಲ್ಲಿ ವಿಷಯದ ತಿರುಳೇ ಇದೆ. ಭಕ್ತರಿಗೆ ಸ್ವಂತ ಪ್ರಚಾರಸಾಧನಗಳಿಗೇನೂ ಕೊರತೆಯಿಲ್ಲ. ೨೦೦೧ರಿಂದ ಅವರದೇ ರೇಡಿಯೋ ಉಂಟು. ಪುಸ್ತಕ, ಪತ್ರಿಕೆ, ಚಿತ್ರಗಳು ಲೆಕ್ಕವಿಲ್ಲದಷ್ಟು. ಆದರೂ ಪರರು ತೆಗೆದ ಚಿತ್ರವೇ ಬೇಕು. ಮನೆಯವರ ಹೊಗಳಿಕೆಗೆ ಬೆಲೆ ಕಡಮೆ, ನೆರೆಯವರ ಹೊಗಳಿಕೆಗೆ ಬೆಲೆ ಹೆಚ್ಚು. ಕಷ್ಟವೇನೆಂದರೆ, ನೆರೆಯವರು ಬಂದರೆ ಅವರ ಪ್ರಶ್ನೆಗಳೂ ಜೊತೆಯಲ್ಲೇ ಬರುತ್ತವೆ.

ಪ್ರಶ್ನೆ ಕೇಳಿದವರಲ್ಲಿ ನಮ್ಮವರೇ ಮೊದಲಿಗರ ಸಾಲಿನಲ್ಲಿದ್ದಾರೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳ ಪರಿಶೀಲನೆಗೆಂದು ಸಮಿತಿಯೊಂದನ್ನು ರಚಿಸಿದರು. ವಿಭೂತಿ ಉದುರಿಸುತ್ತಿದ್ದ ಪಾಂಡವಪುರದ ಬಾಲಕನ ಗುಟ್ಟು ಬಯಲಾಯಿತು. ತಮ್ಮೆದುರು ಪವಾಡ ತೋರಬೇಕೆಂದು ಬಾಬಾ ಅವರಿಗೂ ಪತ್ರ ಬರೆದರು, ಉತ್ತರ ಬರಲಿಲ್ಲ. ಖಾದಿಯುಟ್ಟು ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬಾಳು ಕಳೆದ ಆ ಬ್ರಹ್ಮಚಾರಿಯನ್ನು, ವೇಷವೊಂದನ್ನು ಬಿಟ್ಟರೆ, ಸನ್ಯಾಸಿಯೆಂದೇ ಕರೆಯಬಹುದಾಗಿತ್ತು.

ಇನ್ನು ಕ್ಯಾಮರಾದ ಮಾತು. ೧೯೯೨ರಲ್ಲಿ ಹೈದರಾಬಾದಿನ ಸಮಾರಂಭವೊಂದರಲ್ಲಿ ಬಾಬಾ ಅವರು ಚಿನ್ನದ ಸರವನ್ನು ‘ಸೃಷ್ಟಿಸಿದ’ ದೃಶ್ಯವನ್ನು ದೂರದರ್ಶನ ಚಿತ್ರಿಸಿಕೊಂಡಿತು. ಸ್ಮರಣಿಕೆಯ ಅಡಿಯಿಂದ ಸರ ಕೈಗೆ ಬಂದಿತೆಂದು ವಿಮರ್ಶಕರು ಕಂಡರು. ಭಕ್ತರಿಗೆ ಅಂಥದೇನೂ ಕಾಣಲಿಲ್ಲ. ಒಂದೇ ಸುರುಳಿ, ನೋಟ ಎರಡು! ೧೯೯೩ರ ಜೂನ್ ೬ರ ರಾತ್ರಿ ಪ್ರಶಾಂತಿ ನಿಲಯದೊಳಗೇ ಆರು ಮಂದಿ ಸತ್ತರು: ಇಬ್ಬರು ಆಪ್ತ ಸೇವಕರು, ಪೊಲೀಸರ ಗುಂಡಿಗೆ ನಾಲ್ವರು ಆಕ್ರಮಣಕಾರರು. ೨೦೦೪ರ ಜೂನ್ ತಿಂಗಳಲ್ಲಿ ಬಿ.ಬಿ.ಸಿ. ಸಂಸ್ಥೆ ‘ದಿ ಸೀಕ್ರೆಟ್ ಸ್ವಾಮಿ’ ಎಂಬ ಚಿತ್ರವನ್ನು ಪ್ರಸಾರ ಮಾಡಿತು. ಅದರಲ್ಲಿ ಹಿಂದಿನ ಭಕ್ತರು ಲೈಂಗಿಕ ದುರ್ವರ್ತನೆಯ ಆರೋಪ ಹೊರಿಸಿದರು. ಭಕ್ತವರ್ಗ ಅದನ್ನು ನಿರಾಕರಿಸಿತು. ಯಾವ ನ್ಯಾಯಾಲಯವೂ ಬಾಬಾ ಅವರನ್ನು ತಪ್ಪಿತಸ್ಥರೆಂದು ಹೇಳಿಲ್ಲ. ಆರೋಪ ಮಾಡಿದವರ ಮಾತು ವಿಚಾರಣೆಯ ಕಟಕಟೆಯನ್ನು ಮುಟ್ಟಿ ಸುಳ್ಳೆಂದು ಸಿದ್ಧವಾದದ್ದೂ ಇಲ್ಲ. ೨೦೧೧ರ ಏಪ್ರಿಲ್ ೨೪ರಂದು ಬಾಬಾ ತೀರಿಕೊಂಡ ಮೇಲೆ ಆ ಬಾಗಿಲು ಮುಚ್ಚಿಹೋಯಿತು.

ಇತ್ತ ಅನಂತಪುರ ಜಿಲ್ಲೆಯ ೭೦೦ಕ್ಕೂ ಹೆಚ್ಚು ಹಳ್ಳಿಗಳಿಗೆ ಅವರ ಟ್ರಸ್ಟು ಕುಡಿಯುವ ನೀರು ತಂದದ್ದೂ ನಿಜವೇ. ಬರಗಾಲದ ಸೀಮೆಯಲ್ಲಿ ಕೊಡ ಹೊತ್ತು ಸವೆದ ಹೆಂಗಸಿನ ಮುಂದೆ ನಿಂತು ಅದನ್ನು ಹುಸಿಯೆನ್ನುವ ಧೈರ್ಯ ನಮಗಿಲ್ಲ. ಆದರೆ ನೀರು ಆರೋಪಕ್ಕೆ ಉತ್ತರವಾಗದು. ಆರೋಪದಿಂದ ನಲ್ಲಿಯೂ ಬತ್ತದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವ ನಮ್ಮ ಅಭ್ಯಾಸವೇ ಸರಿಯಲ್ಲವೆಂದು ತೋರುತ್ತದೆ.

ಆದ್ದರಿಂದ ಭಕ್ತರು ಚಿತ್ರ ಕೇಳುವುದಾದರೆ ಧಾರಾಳವಾಗಿ ಕೇಳಲಿ. ಆದರೆ ಹಣ ತಾವು ಕೊಡುವುದು ಬೇಡ, ಕತ್ತರಿಯನ್ನೂ ಕೈಯಲ್ಲಿಟ್ಟುಕೊಳ್ಳುವುದು ಬೇಡ. ವೈಟ್‌ಫೀಲ್ಡಿನ ಆಸ್ಪತ್ರೆಯಿಂದ ಎದ್ದು ಮನೆಗೆ ನಡೆದ ರೋಗಿ ಮಾತನಾಡಲಿ. ದೂರು ಹೇಳಿ ದೂರವಾದವರೂ ಅದೇ ದೀಪದ ಬೆಳಕಿನಲ್ಲಿ ಕುಳಿತು ಮಾತನಾಡಲಿ. ಕಂಡವರೂ ನೊಂದವರೂ ಇನ್ನೂ ಅನೇಕರು ಬದುಕಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ.