ಬಾಯಮ್ಮನ ಮಗಳು ಶೋಕಿಗೆ ಗೋಧಿ ಬಿಟ್ಟದ್ದಲ್ಲ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಡೆಸ್ಕಿನಿಂದ ಫೋನು. "ಕ್ರಿಸ್ಮಸ್‌ಗೆ ಒಂದು ಕೇಕ್ ಸ್ಟೋರಿ ಕಳಿಸಿ, ಏನಾದರೂ ಹೊಸತು ಇರಲಿ." ಹೋದ ವರ್ಷ ನಮಗೆ ಸಿಕ್ಕ ಹೊಸತು ಗ್ಲುಟನ್ ಫ್ರೀ ಕೇಕು. ಪೇಟೆಯ ಒಂದು ಬೇಕರಿಗೆ ಹೋದೆವು, ಗಾಜಿನ ಕಪಾಟಿನ ಫೋಟೋ ಹೊಡೆದೆವು, ಮಾಲೀಕರು ಹೇಳಿದ್ದನ್ನೆಲ್ಲ ಬರೆದುಕೊಂಡು ಮುನ್ನೂರು ಪದ ಕಳಿಸಿದೆವು. "ಆರೋಗ್ಯಪ್ರಿಯರ ಹೊಸ ಟ್ರೆಂಡ್" ಎಂಬ ಶೀರ್ಷಿಕೆ ಡೆಸ್ಕಿನದ್ದು. ಆ ಶೀರ್ಷಿಕೆಗೆ ಬೇಕಾದ ಸರಕೆಲ್ಲ ನಮ್ಮದೇ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬಾಯಮ್ಮ ಬೇಲಿಯ ಹತ್ತಿರ ಪೇಪರ್ ಹಿಡಿದು ನಿಂತಿದ್ದರು. "ಎಂತ ಮಾರಾಯ್ರೆ, ಟ್ರೆಂಡಾ ಇದು? ನನ್ನ ಮಗಳು ಶೋಕಿಗೆ ಗೋಧಿ ಬಿಟ್ಟದ್ದಾ?"

ಉತ್ತರ ಕೊಡಲಾಗಲಿಲ್ಲ. ಆ ಹುಡುಗಿಯ ಸಂಗತಿ ನಮಗೆ ಗೊತ್ತಿತ್ತು, ಅದಕ್ಕೆ. ಹೈಸ್ಕೂಲಿನಲ್ಲಿರುವಾಗಲೇ ಅವಳಿಗೆ ಹೊಟ್ಟೆ ಸರಿ ಇರಲಿಲ್ಲ. ಭೇದಿ, ಉಬ್ಬರ, ಬಿಳುಚಿದ ಮುಖ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಹುಳದ ಮದ್ದು ಕೊಟ್ಟರು, ಗ್ಯಾಸ್ಟ್ರಿಕ್ ಎಂದರು, ಪರೀಕ್ಷೆಯ ಟೆನ್ಶನ್ ಎಂದರು. ಎರಡು ವರ್ಷ ಹೀಗೇ ಹೋದ ಮೇಲೆ ಒಬ್ಬ ವೈದ್ಯರು ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು, ಆಮೇಲೆ ಎಂಡೋಸ್ಕೋಪಿ. ಕಾಯಿಲೆಗೆ ಹೆಸರು ಸಿಕ್ಕಿತು: ಸೀಲಿಯಾಕ್.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಎಂಬ ಪ್ರೋಟೀನು ಇರುತ್ತದೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ಅವರ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣಕರುಳಿಗೆ ಹಾನಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಬೆರಳುಗಳ ಹಾಗೆ ಇರುವ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ತಯಾರಾಗುವುದೂ ಅದೇ ಜಾಗದಲ್ಲಿ. ಹಾಗಾಗಿ ಎಷ್ಟೋ ಜನರಿಗೆ ಗೋಧಿಯ ಜೊತೆ ಹಾಲೂ ಆಗಿಬರುವುದಿಲ್ಲ. ಗೋಧಿ ಬಿಟ್ಟು ಕೆಲವು ತಿಂಗಳು ಕಳೆದು ಕರುಳು ಚೇತರಿಸಿದರೆ ಹಾಲು ಮತ್ತೆ ಒಗ್ಗಬಹುದು. ಗೋಧಿ ಮಾತ್ರ ಜೀವನಪೂರ್ತಿ ಇಲ್ಲ.

ಇದು ಇನ್‌ಸ್ಟಾಗ್ರಾಂ ಕಾಲದ ಕಾಯಿಲೆ ಎನ್ನುವವರಿಗೆ ಒಂದು ಹಳೆಯ ಸಂಗತಿ. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಯುದ್ಧದಿಂದಾಗಿ ಭೀಕರ ಬರಗಾಲ. ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಒಂದು ವಿಚಿತ್ರ ಕಂಡರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದರು. ಬ್ರೆಡ್ಡು ಮತ್ತೆ ಬಂದಾಗ ಕಾಯಿಲೆಯೂ ಮತ್ತೆ ಬಂತು. ಗೋಧಿಯ ಮೇಲೆ ಅವರಿಗೆ ಮೊದಲೇ ಅನುಮಾನವಿತ್ತು, ಈ ಹಸಿವಿನ ಚಳಿಗಾಲ ಅದನ್ನು ಗಟ್ಟಿ ಮಾಡಿತು. ಶೋಕಿಯ ಕಥೆ ಹೀಗೆ ಇರುವುದಿಲ್ಲ.

ನಮ್ಮ ಕಡೆ ಸೀಲಿಯಾಕ್ ಕಡಿಮೆ, ಒಪ್ಪುತ್ತೇವೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಇದರ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರು, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರು. ನಾವು ಅನ್ನ ತಿನ್ನುವವರು, ಅವರು ರೊಟ್ಟಿ ತಿನ್ನುವವರು ಎಂಬುದು ಅದಕ್ಕೆ ಕೊಟ್ಟ ಮುಖ್ಯ ವಿವರಣೆ. ಆದರೆ ಸಾವಿರಕ್ಕೆ ಒಬ್ಬರು ಎಂದರೆ ದೊಡ್ಡ ಚರ್ಚಿನ ಒಂದು ಹಬ್ಬದ ಪೂಜೆಗೆ ಒಬ್ಬರಾದರೂ ಇರುತ್ತಾರೆ. ಕಡಿಮೆ ಇರುವುದರಿಂದಲೇ ಯಾರಿಗೂ ಅದು ನೆನಪಾಗುವುದಿಲ್ಲ, ಎರಡು ವರ್ಷ ಹುಳದ ಮದ್ದು ಕುಡಿಸುತ್ತಾರೆ.

ಹಾಲಿನ ಲೆಕ್ಕ ಇದರ ತದ್ವಿರುದ್ಧ. ಎಳವೆ ಕಳೆದ ಮೇಲೆ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಕುಗ್ಗುವುದು ಜಗತ್ತಿನ ಬಹುಪಾಲು ಜನರಲ್ಲಿ ಸಹಜ, ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇನ್ನೂ ಹೆಚ್ಚು. ನಮ್ಮ ಡಿಪ್ಲೊಮಾ ಬಳಗದಲ್ಲೇ ಒಂದು ಲೋಟ ಹಾಲು ಕುಡಿದರೆ ಬಸ್ಸು ಹತ್ತಲು ಹೆದರುವವರಿದ್ದಾರೆ. ಆದರೆ ಇವರು ಒಂದು ಚಮಚ ತುಪ್ಪಕ್ಕೆ ಹೆದರಬೇಕಿಲ್ಲ, ಅದರಲ್ಲಿ ಲ್ಯಾಕ್ಟೋಸ್ ಬಹುತೇಕ ಇಲ್ಲ. ಹುಳಿ ಮೊಸರು ಹಲವರಿಗೆ ಆಗುತ್ತದೆ. ಎಷ್ಟು ತಿಂದರು ಎಂಬುದರ ಮೇಲೆ ತೊಂದರೆ. ಸೀಲಿಯಾಕ್‌ನವರಿಗೆ ಈ ರಿಯಾಯಿತಿ ಇಲ್ಲ, ಒಂದು ಚೂರು ಬ್ರೆಡ್ಡೂ ಲೆಕ್ಕಕ್ಕೆ ಬರುತ್ತದೆ. (ಹಾಲಿನ ಅಲರ್ಜಿ ಮೂರನೆಯದೇ ಒಂದು ಸಂಗತಿ. ಅವರಿಗೆ ತುಪ್ಪವೂ ಅಪಾಯವಾಗಬಹುದು.) ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ಗ್ಲುಟನ್ ಫ್ರೀ, ಡೈರಿ ಫ್ರೀ" ಎಂದು ಬೋರ್ಡು ಹಾಕಿದವರು ಬೇಕರಿಯವರು. ಅದನ್ನು ನಂಬಿ ಬರೆದವರು ನಾವು.

ಈಗ ನಮ್ಮ ಸಿಟ್ಟಿನ ವಿಷಯಕ್ಕೆ ಬರೋಣ. "ಒಂದು ತುಂಡು ತಿಂದರೆ ಏನಾಗ್ತದೆ?" ಕರಾವಳಿಯ ಹಬ್ಬದ ಮನೆಗಳಲ್ಲಿ ಇದಕ್ಕಿಂತ ಪ್ರೀತಿಯ ಮಾತಿಲ್ಲ, ಇದಕ್ಕಿಂತ ಕ್ರೂರ ಮಾತೂ ಇಲ್ಲ. ಆ ಹುಡುಗಿ ಎರಡು ವರ್ಷದ ಹಿಂದೆ ಕ್ರಿಸ್ಮಸ್ ದಿನ ನೆಂಟರ ಮನೆಗೆ ಹೋಗಿದ್ದಳು. ಆಗುವುದಿಲ್ಲ ಎಂದಳು. ಹಬ್ಬದ ದಿನ ಇಲ್ಲ ಅನ್ನಬಾರದು ಎಂದರು. ಮತ್ತೂ ಬೇಡ ಎಂದಳು. ಕಲಿತವರ ಜಂಭ ಎಂದು ಯಾರೋ ನಕ್ಕರು. ತಿಂದಳು. ವಾರವಿಡೀ ಮಲಗಿದಳು. ಹೋದ ವರ್ಷ ಎಲ್ಲಿಗೂ ಹೋಗಲಿಲ್ಲ. ಪೂಜೆ ಮುಗಿಸಿ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಇಪ್ಪತ್ತರ ಹುಡುಗಿ ಹಬ್ಬಕ್ಕೆ ಹೆದರಿ ಕೂತಿದ್ದಾಗ ನಾವು ಗಾಜಿನ ಕಪಾಟಿನ ಫೋಟೋ ಹೊಡೆಯುತ್ತಿದ್ದೆವು.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಏನೆಂದರೆ, ಈ ಹುಡುಗಿ ಹೊಟ್ಟೆ ತುಂಬ ಉಣ್ಣಬಹುದಾದ ಕ್ರಿಸ್ಮಸ್ ಇರುವುದೇ ನಮ್ಮ ಕರಾವಳಿಯಲ್ಲಿ. ಇಂಗ್ಲೆಂಡಿನವರು ಪುಡ್ಡಿಂಗು, ಪೈ, ಸ್ಟಫಿಂಗು, ಹಿಟ್ಟು ಹಾಕಿ ಗಟ್ಟಿ ಮಾಡಿದ ಗ್ರೇವಿ ಎಂದು ಎಲ್ಲೆಲ್ಲೂ ಗೋಧಿ, ಬೆಣ್ಣೆ, ಕ್ರೀಮು ತುಂಬಿದ್ದಾರೆ. ಅವರಿಗೆ ಬದಲಿ ಹುಡುಕುವುದು ಕಷ್ಟ. ಮಂಗಳೂರು ಕಡೆಯ ಕಥೊಲಿಕರ ಹಬ್ಬದೂಟ ನೋಡಿ. ಸಾನ್ನಾ ಅಕ್ಕಿ ಮತ್ತು ಉದ್ದಿನದ್ದು, ಕಳ್ಳು ಹಾಕಿ ಉಬ್ಬಿಸಿದ್ದು. ಹಂದಿ ಬಾಫತ್‌ಗೆ ಬೇಕಾದ್ದು ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಹುಳಿ. ನೀರುದೋಸೆ ಅಕ್ಕಿ ಮತ್ತು ನೀರು. ಹಾಲು ಬೇಕಾದಲ್ಲಿ ತೆಂಗಿನಹಾಲು, ಹೆಸರಿಗೆ ಮಾತ್ರ ಹಾಲು. ಗೋಧಿಯೂ ಇಲ್ಲ, ದನದ ಹಾಲೂ ಇಲ್ಲ, ಯಾರೂ ಅದನ್ನು ಬಿಟ್ಟದ್ದೂ ಅಲ್ಲ.

ಕುಸ್ವಾರ್ ತಟ್ಟೆಯಲ್ಲಿ ಮಾತ್ರ ಎರಡೂ ಬೆರೆತಿವೆ. ಕಿಡಿಯೊ ಮೈದಾದ್ದು, ನೆವ್ರಿಯ ಹೊದಿಕೆ ಮೈದಾದ್ದು, ತುಕ್ಡಿಯೂ ಮೈದಾ. ಎಳ್ಳುಂಡೆಯಲ್ಲಿ ಎಳ್ಳು, ಬೆಲ್ಲ. ಅಕ್ಕಿಯುಂಡೆ ಇದೆ. ಅಕ್ಕಿ ಹಿಟ್ಟು, ಬೆಲ್ಲ, ತೆಂಗಿನಹಾಲನ್ನು ಕೈ ಸೋಲುವವರೆಗೆ ಮಗುಚಿ ಮಾಡಿದ ದೊದೊಲ್ ಇದೆ. ಅಚ್ಚು ಅದ್ದಿ ಕರಿಯುವ ರೋಸ್ ಕುಕ್ಕೀಸನ್ನು ಕೆಲವರು ಮೈದಾದಲ್ಲಿ ಮಾಡುತ್ತಾರೆ, ಕೆಲವರು ಅಕ್ಕಿಯಲ್ಲಿ. ನೋಡಿದರೆ ಗೊತ್ತಾಗುವುದಿಲ್ಲ, ಕೇಳಬೇಕು. ಚಕ್ಕುಲಿ ಅಕ್ಕಿಯದ್ದೇ, ಆದರೆ ಅದಕ್ಕೆ ಇಂಗು ಹಾಕುತ್ತಾರೆ. ಅಂಗಡಿಯ ಡಬ್ಬಿಯ ಇಂಗಿನಲ್ಲಿ ನಿಜವಾದ ಇಂಗು ಸ್ವಲ್ಪ, ಉಳಿದದ್ದು ಗೋಂದು ಮತ್ತು ಹಿಟ್ಟು. ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದ್ದು. ಇದು ನಮಗೆ ಗೊತ್ತಾದದ್ದು ಬಾಯಮ್ಮ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿಸಿದಾಗ. ಆಹಾರದ ಬಗ್ಗೆ ಬರೆಯುವ ನಾವು ಅಲ್ಲಿಯವರೆಗೆ ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡಿದವರಲ್ಲ.

ಇನ್ನು ಕೇಕು. ಅದು ಇಲ್ಲದೆ ಕ್ರಿಸ್ಮಸ್ಸೇ ಇಲ್ಲ ಎಂಬಂತೆ ನಾವು ಪ್ರತಿ ವರ್ಷ ಬರೆಯುತ್ತೇವೆ. ಭಾರತದ ಮೊದಲ ಕ್ರಿಸ್ಮಸ್ ಕೇಕನ್ನು 1883ರಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು ಅವರು ಒಬ್ಬ ಬ್ರಿಟಿಷ್ ತೋಟಗಾರನಿಗಾಗಿ ಮಾಡಿದರು ಎಂಬುದು ಪ್ರಚಲಿತ ಕಥೆ. ಕರಾವಳಿಯ ಕ್ರೈಸ್ತರು ಅದಕ್ಕಿಂತ ಶತಮಾನಗಳ ಮೊದಲೇ ಹಬ್ಬ ಮಾಡುತ್ತಿದ್ದರು. ಕೇಕು ಆಮೇಲೆ ಬಂದ ನೆಂಟ. ನೆಂಟ ಇರಲಿ, ಮನೆಯವರನ್ನು ಹೊರಗೆ ಹಾಕುವಷ್ಟು ಅವನಿಗೆ ಅಧಿಕಾರ ಕೊಟ್ಟವರು ಯಾರು?

"ಒಬ್ಬರಿಗಾಗಿ ಇಡೀ ಅಡುಗೆ ಬದಲಿಸುವುದಾ?" ಎಂದು ಕೇಳುತ್ತಾರೆ. ಬೇಡ. ಕ್ರಮ ಬದಲಿಸಿದರೆ ಸಾಕು. ಹೊಸ ಎಣ್ಣೆಯಲ್ಲಿ ಮೊದಲು ಚಕ್ಕುಲಿ, ಅಕ್ಕಿಯ ರೋಸ್ ಕುಕ್ಕೀಸ್ ಕರಿದು ಡಬ್ಬಿಗೆ ಹಾಕಿ ಮುಚ್ಚಿ. ಆಮೇಲೆ ಅದೇ ಎಣ್ಣೆಯಲ್ಲಿ ಕಿಡಿಯೊ, ನೆವ್ರಿ ಕರಿಯಿರಿ. ತಿರುಗಾಮುರುಗಾ ಮಾಡಿದರೆ ಅಕ್ಕಿಯ ಚಕ್ಕುಲಿಯೂ ಅವಳಿಗೆ ವರ್ಜ್ಯ. ಅಕ್ಕಿಯನ್ನು ಮಿಲ್ಲಿನಲ್ಲಿ ಗೋಧಿಯ ಬೆನ್ನಿಗೇ ಬೀಸಿಸಬೇಡಿ, ಮನೆಯಲ್ಲೇ ರುಬ್ಬಿದರೆ ಇನ್ನೂ ಒಳ್ಳೆಯದು. ಎಣ್ಣೆಗೆ, ಡಬ್ಬಿಗೆ ಬೇರೆ ಸಟ್ಟುಗ. ಇಷ್ಟಕ್ಕೆ ಹೆಚ್ಚು ದುಡ್ಡು ಬೇಡ. ಬೇಕರಿಯ ಆ ಪುಟ್ಟ ಕೇಕಿಗೆ ಮಾತ್ರ ಮಾಮೂಲಿ ಕೇಕಿನ ಎರಡು ಪಟ್ಟಿಗಿಂತ ಹೆಚ್ಚು ಬೆಲೆ. ಅದೇ ಟೇಬಲ್ಲಿನ ಮೇಲೆ, ಮೈದಾದ ಧೂಳಿನ ನಡುವೆ ಮಾಡಿದ್ದು ಅದು. ನಾವು ಕಣ್ಣಾರೆ ಕಂಡಿದ್ದೆವು, ಬರೆಯಲಿಲ್ಲ. ಕಿಲೋಗ್ರಾಂಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇದ್ದರೆ ಆಹಾರಕ್ಕೆ ಗ್ಲುಟನ್ ಫ್ರೀ ಎಂದು ಹೆಸರಿಡುವಂತಿಲ್ಲ ಎಂಬುದು ನಮ್ಮ ದೇಶದ್ದೇ ಆಹಾರ ಸುರಕ್ಷತಾ ನಿಯಮ. ಪರೀಕ್ಷೆ ಮಾಡಿಸಿದ್ದೀರಾ ಎಂದು ಒಂದು ಪ್ರಶ್ನೆ ಕೇಳಬೇಕಿತ್ತು. ಆ ಬೇಕರಿ ಜಾಹೀರಾತು ಕೊಡುತ್ತದೆ, ನಮ್ಮ ಬಾಯಿ ಏಳಲಿಲ್ಲ.

ನಿಜವಾಗಿ ಶೋಕಿಗೆ ಗೋಧಿ ಬಿಟ್ಟವರೂ ಇದ್ದಾರೆ. ಅವರ ತಟ್ಟೆ ಅವರಿಗೆ. ಒಂದು ಮಾತು ಮಾತ್ರ: ನಿಮಗೂ ಅನುಮಾನವಿದ್ದರೆ ರಕ್ತಪರೀಕ್ಷೆ ಆಗುವವರೆಗೆ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಶೋಕಿಯವರಿಂದ ಆದ ದೊಡ್ಡ ನಷ್ಟವೆಂದರೆ ಕಾಯಿಲೆಯವರ ಮಾತನ್ನೂ ಯಾರೂ ನಂಬದಂತಾದದ್ದು. ಅದಕ್ಕೆ ನಮ್ಮಂಥವರ ಮುನ್ನೂರು ಪದಗಳೂ ಕಾರಣ.

ಚರ್ಚಿನ ನಿಯಮ ಗಟ್ಟಿ ಎನ್ನುತ್ತಾರಲ್ಲ, ಅದನ್ನೂ ನೋಡಿ. ಪರಮಪ್ರಸಾದದ ರೊಟ್ಟಿ ಗೋಧಿಯದ್ದೇ ಆಗಿರಬೇಕು, ಗ್ಲುಟನ್ ಪೂರ್ತಿ ತೆಗೆದ ರೊಟ್ಟಿ ಸಿಂಧುವಲ್ಲ. 2017ರಲ್ಲಿ ವ್ಯಾಟಿಕನ್ ಇದನ್ನು ಮತ್ತೊಮ್ಮೆ ಹೇಳಿತು. ಆದರೆ ತೀರಾ ಕಡಿಮೆ ಗ್ಲುಟನ್ ಇರುವ ರೊಟ್ಟಿಗೆ ಅಲ್ಲಿ ಒಪ್ಪಿಗೆ ಇದೆ. ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಗುರುಗಳು ತಮ್ಮ ಪಾತ್ರೆಗೆ ರೊಟ್ಟಿಯ ಚೂರು ಹಾಕುವುದರಿಂದ ಇವರಿಗೆ ಬೇರೆ ಪಾತ್ರೆ ಬೇಕು. ಬಾಯಮ್ಮ ಹೋಗಿ ಕೇಳಿದರು, ಗುರುಗಳು ಒಂದು ಸಣ್ಣ ಪಾತ್ರೆ ಬೇರೆ ಇಟ್ಟರು. ನಡುರಾತ್ರಿಯ ಬಲಿಪೂಜೆಯಲ್ಲಿ ಆ ಹುಡುಗಿಗೆ ಜಾಗ ಸಿಕ್ಕಿತು. ಪೂಜೆ ಮುಗಿದ ಮೇಲೆ ಹೊರಗಿನ ಮೇಜಿನಲ್ಲಿ ಸಿಗಲಿಲ್ಲ. ಅಲ್ಲಿ ಎಲ್ಲರಿಗೂ ಕೇಕು ಮತ್ತು ಹಾಲಿನ ಕಾಫಿ. ಒಂದು ಬಟ್ಟಲು ಎಳ್ಳುಂಡೆ, ಒಂದು ಫ್ಲಾಸ್ಕ್ ಕಣ್ಣ ಚಾ ಇಡಲು ಯಾವ ಧರ್ಮಸಭೆಯ ಅಪ್ಪಣೆ ಬೇಕಿತ್ತೋ.

ನಾವು ಕೇಳುವುದು ಇಷ್ಟೇ. ಕುಸ್ವಾರ್ ಪೊಟ್ಟಣ ಕಟ್ಟಿ ಮಾರುವವರು ಒಳಗೆ ಏನಿದೆ ಎಂದು ಒಂದು ಚೀಟಿ ಹಾಕಲಿ: ಮೈದಾ, ಹಾಲುಪುಡಿ, ಇಂಗು. ಹಂಚುವ ಮನೆಯವರು ಅಕ್ಕಿಯದ್ದನ್ನು ಕಿಡಿಯೊ ಜೊತೆ ಒಂದೇ ತಟ್ಟೆಗೆ ಸುರಿಯದಿರಲಿ. ಯಾರಾದರೂ ಬೇಡ ಎಂದರೆ ಒಂದು ಸಲಕ್ಕೇ ಬಿಟ್ಟುಬಿಡಲಿ.

ಈ ಸಲ ಬಾಯಮ್ಮ ಇಪ್ಪತ್ತಮೂರಕ್ಕೇ ಹೊಸ ಎಣ್ಣೆ ಇಡುತ್ತಾರಂತೆ, ಮೊದಲ ಬಾಣಲೆ ಚಕ್ಕುಲಿಯದ್ದು. ಇಪ್ಪತ್ತೈದಕ್ಕೆ ನೆಂಟರೆಲ್ಲ ಅವರ ಮನೆಗೇ ಊಟಕ್ಕೆ ಬರಬೇಕೆಂದು ಹೇಳಿ ಕಳಿಸಿದ್ದಾರೆ. ಸಾನ್ನಾ, ಬಾಫತ್, ದೊದೊಲ್. ಕೇಕ್ ತರುವವರು ಹೊರಗಿನ ಜಗಲಿಯಲ್ಲಿ ಇಡಬೇಕು ಎಂಬ ಷರತ್ತೂ ಇದೆ. ನಮ್ಮನ್ನೂ ಕರೆದಿದ್ದಾರೆ. ಡೆಸ್ಕಿನ ಫೋನು ಇನ್ನೂ ಬಂದಿಲ್ಲ. ಬಂದರೆ ಇದನ್ನೇ ಕಳಿಸುತ್ತೇವೆ, ಸಾನ್ನಾದ ಫೋಟೋ ಸಮೇತ. ಕಾಲಂ ಸೆಂಟಿಮೀಟರಿಗೆ ಏನು ಕೊಡುತ್ತಾರೋ ಕೊಡಲಿ.