ಕಾರ್ಡನ್ನು ಬೈಯುವ ಮುಂಚೆ ಕೇಬಲ್ ನೋಡಿ

ಸಾಸ್ತೂರಿನಲ್ಲಿ ಕರೆಂಟು ಇದ್ದಾಗಲೇ ಕೆಲಸ ಮುಗಿಸಿಕೊಳ್ಳಬೇಕು, ಇದೇನು ಹೊಸ ಮಾತಲ್ಲ. ಹೋದ ತಿಂಗಳು ನನಗೆ ಬೇಕಾಗಿದ್ದದ್ದು ಬರೀ ಒಂದೂವರೆ ತಾಸಿನ ಕರೆಂಟು. ಅದೂ ಸಿಗಲಿಲ್ಲ.

ವಿಷಯ ಹೀಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿಯ ಜೊತೆ ನಮ್ಮೂರೂ ಬಿತ್ತು. ಅದನ್ನು ಕಂಡ ಅಜ್ಜಿಯರ ಮಾತನ್ನು ಕೆಲವು ವರ್ಷಗಳಿಂದ ವಿಡಿಯೋ ಮಾಡಿಟ್ಟಿದ್ದೇನೆ, ಅವರವರ ಮನೆಯ ಕನ್ನಡದಲ್ಲೇ. ಎಲ್ಲ ಸೇರಿ 180 ಜಿಬಿ, ಒಂದೇ ಪೋರ್ಟೆಬಲ್ ಹಾರ್ಡ್ ಡಿಸ್ಕಿನಲ್ಲಿ. ಮಾತಾಡಿದವರಲ್ಲಿ ಇಬ್ಬರು ಈಗಿಲ್ಲ. ಆ ಡಿಸ್ಕು ಟಕ್ ಟಕ್ ಅನ್ನತೊಡಗಿದಾಗ ನನ್ನ ಎದೆಯೂ ಹಾಗೇ ಅಂದಿತು.

ಶಾಲೆಯ ಕಂಪ್ಯೂಟರು ಹಳೆಯದು, ಯುಎಸ್‌ಬಿ 2.0 ಮಾತ್ರ. ಬೇಗ ಕಾಪಿ ಆಗಲೆಂದು ಯುಎಸ್‌ಬಿ 3.0 ಕಾರ್ಡ್ ತಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕಿದೆ. ಫಲ? ಸೆಕೆಂಡಿಗೆ 32 ಎಂಬಿ. ಹಳೆಯ ಪೋರ್ಟಿನಲ್ಲೂ ಅಷ್ಟೇ ಇತ್ತು! ಎರಡು ಸಲ ಅರ್ಧಕ್ಕೇ ಲೈಟ್ ಹೋಯಿತು, ಯುಪಿಎಸ್ ಐದು ನಿಮಿಷ ಕೂಗಿ ಸುಮ್ಮನಾಯಿತು.

ಉಮರ್ಗಾದ ರಿಪೇರಿಯವನನ್ನು ಕೇಳಿದೆ. "ಗುರುಜಿ, ಕಾರ್ಡ್ ಡುಪ್ಲಿಕೇಟ್ ಅದ. ಛಲೋದು ತಗೋರಿ" ಅಂದ. ಪೆಟ್ಟಿಗೆ ಬಿಚ್ಚಿ ನೋಡಲೇ ಇಲ್ಲ. ನನ್ನ ತಕರಾರು ಇದೇ. ನಿಧಾನವಾದರೆ ಹೊಸದು ಕೊಳ್ಳಿ ಅನ್ನುವುದು ರಿಪೇರಿಯಲ್ಲ, ವ್ಯಾಪಾರ. ತಲೆಯಾಡಿಸಿ ದುಡ್ಡು ಕೊಡುವ ನಮ್ಮಂಥವರದ್ದೂ ತಪ್ಪಿದೆ ಅನ್ನಿ.

ಡಬ್ಬಿಯ ಮೇಲಿನ "5 ಜಿಬಿಪಿಎಸ್" ನೋಡಿ ಸೆಕೆಂಡಿಗೆ 5 ಜಿಬಿ ಎಂದು ನಂಬಬೇಡಿ. ಅದು ಬಿಟ್ಟಿನ ಲೆಕ್ಕ. ಪ್ರತಿ 10 ಬಿಟ್ಟಿನಲ್ಲಿ ನಮ್ಮ ಮಾಲು 8 ಮಾತ್ರ, ಹಾಗಾಗಿ ಅತಿ ಹೆಚ್ಚೆಂದರೆ 500 ಎಂಬಿ, ಬಳಕೆಯಲ್ಲಿ ಇನ್ನೂ ಕಡಿಮೆ. ಸ್ಲಾಟು ಮೊದಲ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಆಗಿದ್ದರೆ ಒಂದು ಲೇನಿಗೆ 250 ಎಂಬಿಯೇ ಮಿತಿ. ಅದಕ್ಕೂ ಹಳೆಯ ಪಿಸಿಐ ಸ್ಲಾಟಾದರೆ 133, ಅದನ್ನೂ ಉಳಿದ ಕಾರ್ಡುಗಳೊಂದಿಗೆ ಹಂಚಿಕೊಳ್ಳಬೇಕು. ಆದರೆ ನನ್ನದು 32. ಈ ಯಾವ ಮಿತಿಗೂ ಅದು ಹತ್ತಿರವಿಲ್ಲ. ಯುಎಸ್‌ಬಿ 2.0 ಕೊಡುವುದೇ ಹೆಚ್ಚುಕಡಿಮೆ 30–40 ಎಂಬಿ. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ 3.0 ತಾನು 2.0 ಆಗಿಬಿಟ್ಟಿದೆ.

ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಕೊಡಬೇಕಾದ ಪವರ್ ವೈರು ಸರಿಯಾಗಿತ್ತು. ಡ್ರೈವರೂ ಸರಿ. (ವಿಂಡೋಸ್ 7 ಇದ್ದವರು ಗಮನಿಸಿ, ಅದರಲ್ಲಿ 3.0 ಡ್ರೈವರ್ ಇರುವುದಿಲ್ಲ, ಬೇರೆ ಹಾಕಬೇಕು. ಹಾಕದಿದ್ದರೆ ಕಾರ್ಡು ನಿಧಾನವಾಗುವುದಲ್ಲ, ಕೆಲಸವನ್ನೇ ಮಾಡುವುದಿಲ್ಲ.) ಆಮೇಲೆ ಗೆಳೆಯರ 3.0 ಪೆನ್‌ಡ್ರೈವ್ ತಂದು ಅದೇ ಕಾರ್ಡಿಗೆ ನೇರ ಚುಚ್ಚಿದೆ. ಅದರಿಂದ ಕಾಪಿ ಮಾಡಿದರೆ 90 ಎಂಬಿ ಮುಟ್ಟಿತು! ಕಾರ್ಡು ನಿರಪರಾಧಿ.

ಪೆನ್‌ಡ್ರೈವಿಗೂ ಡಿಸ್ಕಿಗೂ ನಡುವೆ ಉಳಿದ ವ್ಯತ್ಯಾಸ ಕೇಬಲ್. ಅದನ್ನು ಕೈಗೆತ್ತಿಕೊಂಡಾಗ ನಗು ಬಂತು. ಡಿಸ್ಕಿನ ಜೊತೆ ಬಂದದ್ದು ಎರಡು ಭಾಗ ಕೂಡಿಸಿದಂತಿರುವ ಅಗಲ ಪಿನ್ನಿನ ಕೇಬಲ್. ಅದು ಯಾವಾಗಲೋ ಕಳೆದು, ನಾನೇ ಮೊಬೈಲ್ ಚಾರ್ಜರಿನ ಕೇಬಲ್ ಹಾಕಿಕೊಂಡಿದ್ದೆ. ಡಿಸ್ಕಿನ ಅಗಲ ಕಿಂಡಿಯ ಒಂದು ಭಾಗದಲ್ಲಿ ಆ ಸಣ್ಣ ಪಿನ್ನು ಸರಿಯಾಗಿ ಕೂರುತ್ತದೆ, ಡಿಸ್ಕು ಓಡುತ್ತದೆ, ಆದರೆ 2.0 ಆಗಿ ಮಾತ್ರ. 3.0ಕ್ಕೆ ಬೇಕಾದ ಹೆಚ್ಚಿನ ತಂತಿಗಳು ಅದರಲ್ಲಿ ಇಲ್ಲವೇ ಇಲ್ಲ. ಟ್ಯಾಂಕರ್ ಎಷ್ಟೇ ದೊಡ್ಡದಿರಲಿ, ಕೊಡ ತುಂಬುವುದು ಪೈಪು ಎಷ್ಟು ಬಿಟ್ಟರೆ ಅಷ್ಟೇ.

ಸರಿಯಾದ ಕೇಬಲ್ ತಂದ ದಿನ 180 ಜಿಬಿ ಅರ್ಧ ತಾಸು ಮೀರಿ ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಸಾವಿರಾರು ಸಣ್ಣ ಫೋಟೋಗಳ ಫೋಲ್ಡರ್ ಬಂದಾಗ ಮಾತ್ರ ವೇಗ ಬಿತ್ತು. ಅದಕ್ಕೆ ಹೆದರಬೇಡಿ, ಸಣ್ಣ ಫೈಲುಗಳ ಸ್ವಭಾವವೇ ಹಾಗೆ.

ಅಷ್ಟರಲ್ಲಿ ಲೈಟ್ ಹೋಗಲಿಲ್ಲ, ಅದೃಷ್ಟ. ಈಗ ಆ ಕೇಬಲ್ಲನ್ನು ರಬ್ಬರ್ ಬ್ಯಾಂಡ್ ಹಾಕಿ ಡಿಸ್ಕಿಗೇ ಕಟ್ಟಿಟ್ಟಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಚಾರ್ಜರ್ ಕೇಬಲ್ ಕೇಳಿದರೆ ಬೇರೆಯದು ಕೊಡುತ್ತೇನೆ.